ಡೆಫ್ನರ್ ಮಾವ ನೋಡದ ಮುಖ

ಈ ಕಥೆ ನಿಜ. ಎಷ್ಟು ನಿಜ ಎಂದರೆ, ಆಗ್ಸ್‌ಬರ್ಗ್ ಊರಿನಲ್ಲಿ ಚಿತ್ರದ ಅಚ್ಚಿಗೆಂದು ತಾಮ್ರದ ತಗಡಿನ ಮೇಲೆ ಕೆತ್ತಿದ ಚೀನಾ ಎಷ್ಟು ನಿಜವೋ ಅಷ್ಟು. ಆ ಚೀನಾದಲ್ಲಿ ಕೊಕ್ಕರೆ ಗುಡಿಸಲಿಗಿಂತ ಎತ್ತರ. ಸೇತುವೆಯ ಒಂದು ತುದಿ ದಂಡೆಯ ಮೇಲಿದ್ದರೆ ಇನ್ನೊಂದು ತುದಿ ಕೆತ್ತಿದವನ ತಲೆಯೊಳಗೆ. ಅಲ್ಲಿನ ಜನ ಛತ್ರಿಯಡಿ ಕೂತು ಚಹಾ ಕುಡಿಯುತ್ತಾರೆ, ಮೀನಿಗೆ ಗಾಳ ಹಾಕಿ ಮೀನನ್ನೇ ಮರೆಯುತ್ತಾರೆ, ಗಿಣಿಗೆ ಮಾತು ಕಲಿಸುತ್ತಾರೆ. ಮೈ ಬಗ್ಗಿಸಿ ದುಡಿದದ್ದನ್ನು ಯಾರೂ ಕಂಡಿಲ್ಲ. ಅಸಲಿ ಚೀನಾದವರು ಇದನ್ನು ನೋಡಿದ್ದರೆ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೇ ವಲಸೆ ಬಂದುಬಿಡುತ್ತಿದ್ದರೋ ಏನೋ.

ಆ ಚೀನಾವನ್ನು ಆಳುತ್ತಿದ್ದ ಹಲವು ದೊರೆಗಳಲ್ಲಿ ಮಥಾಯಸ್ ಡೆಫ್ನರ್ ಒಬ್ಬ. ಲೆಖ್ ನದಿಯ ಕಾಲುವೆಗೆ ಬೆನ್ನು ಮಾಡಿ ನಿಂತ ಮನೆ. ಕೆಳಗೆ ಅಚ್ಚಿನ ಯಂತ್ರ, ಮೇಲೆ ಕಿಟಕಿಯ ಪಕ್ಕ ಕೆತ್ತುವ ಮೇಜು, ಅಟ್ಟದಲ್ಲಿ ತೊಲೆಯಿಂದ ತೊಲೆಗೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿರುವ ಚೀನಾ. ಡೆಫ್ನರ್ ಸ್ವತಃ ಹತ್ತಿರದ ಉಲ್ಮ್ ಊರು ದಾಟಿ ಆಚೆ ಹೋದವನಲ್ಲ. ಅಲ್ಲಿ ದೋಣಿ ಹತ್ತಿದ್ದೇ ಹೊಟ್ಟೆ ತೊಳಸಿ ವಾಪಸು ಬಂದಿದ್ದ. ಆದರೆ ಅವನು ಕಾಗದದ ಮೇಲೆ ನಾಲ್ಕು ಗೆರೆ ಎಳೆದರೆ ಸಾಕು, ಒಂದು ದ್ವೀಪ ಯಾವ ನೆಲದ ಹಂಗೂ ಇಲ್ಲದೆ ತೇಲತೊಡಗುತ್ತಿತ್ತು. ಖಾಲಿ ಬಿಟ್ಟ ಕಾಗದ ಒಂದು ಕಡೆ ನೀರಾಗುತ್ತಿತ್ತು, ಎರಡು ಬೆರಳು ಮೇಲಕ್ಕೆ ಅದೇ ಆಕಾಶ. ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರುವಾಯಿತು ಎಂದು ಕೇಳಿದವರಿಗೆ, "ನಾನು ಹೇಳ್ತೀನಿ ಕೇಳು, ಅದು ಕೊಕ್ಕರೆಗೆ ಗೊತ್ತು," ಎನ್ನುತ್ತಿದ್ದ. ಅವನ ಹಾಳೆಗಳನ್ನು ವೆನಿಸ್ಸಿನ ಹೆಂಗಸರು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿ ಮೇಲೆ ವಾರ್ನಿಷ್ ಬಳಿಯುತ್ತಿದ್ದರು. ಪಿಂಗಾಣಿಯವರು ಬಟ್ಟಲಿಗೆ ಇಳಿಸುತ್ತಿದ್ದರು. ಊರ ಅಕ್ಕಸಾಲಿಗಳು ಬೆಳ್ಳಿಯ ಕಾಫಿಪಾತ್ರೆಯ ಮೇಲೆ ಬಡಿಯುತ್ತಿದ್ದರು.

ಆ ಗೆರೆಗಳನ್ನು ತಾಮ್ರಕ್ಕೆ ಇಳಿಸುತ್ತಿದ್ದವಳು ಅವನ ತೀರಿಹೋದ ತಂಗಿಯ ಮಗಳು, ಸಿಬಿಲ್ಲಾ ಗ್ರಾಸರ್. ಮಾವ ಬರೆಯುವುದು, ಸಿಬಿಲ್ಲಾ ಕೆತ್ತುವುದು. ಹಾಳೆಯ ಕೆಳಗೆ ಎಡಮೂಲೆಯಲ್ಲಿ ಬರೆದವನ ಹೆಸರು, ಬಲಮೂಲೆಯಲ್ಲಿ ಕೆತ್ತಿದವನ ಹೆಸರು ಹಾಕುವುದು ಕಸಬಿನ ಪದ್ಧತಿ. ಡೆಫ್ನರ್ ಮನೆಯ ಹಾಳೆಗಳಲ್ಲಿ ಎರಡೂ ಮೂಲೆಗೆ ಡೆಫ್ನರನೇ ಯಜಮಾನ. ಸಿಬಿಲ್ಲಾಳಿಗೆ ಆ ಬಲಮೂಲೆಯ ಮೇಲೆ ಎಂದಿನಿಂದಲೋ ಕಣ್ಣು. ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಬದಲು ಮಾವ ಇಲ್ಲದಾಗ ಒಂದು ಕೈ ಬೆನ್ನಿಗೆ ಕಟ್ಟಿ, ಭೂತಕನ್ನಡಿ ಹಿಡಿದು, ಎಡಹುಬ್ಬು ಮೇಲೇರಿಸಿ, ಬಾಯನ್ನು ಅದೇ ಕಡೆಗೆ ಓರೆ ಮಾಡಿ, "ನಾನು ಹೇಳ್ತೀನಿ ಕೇಳು," ಎಂದು ಶುರುಮಾಡುತ್ತಿದ್ದಳು. ಅಚ್ಚಿನ ಕಿಲಿಯಾನ್ ನಕ್ಕು ನಕ್ಕು ಯಂತ್ರದ ಚಕ್ರಕ್ಕೆ ಜೋತುಬೀಳುತ್ತಿದ್ದ. ಅವಳ ಅಣಕಕ್ಕೆ ಕಡಿಮೆ ಬೀಳುತ್ತಿದ್ದದ್ದು ಒಂದೇ, ಮಾವನ ಎಡಗೆನ್ನೆಯ ಮೇಲಿನ ಹೆಸರುಕಾಳಿನಂಥ ನರೂಲಿ.

ಒಂದು ದಿನ ಊಟದ ಮೇಜಿನಲ್ಲಿ ಡೆಫ್ನರ್ ಪ್ಲಮ್ ಹಣ್ಣಿನ ಅಗಲ ರೊಟ್ಟಿಯನ್ನು ತುಂಡು ಮಾಡುತ್ತ, ಏನೋ ಉಪ್ಪು ಕೊಡು ಎನ್ನುವಂತೆ ಹೇಳಿದ.

"ಸಿಬ್ಬೀ, ಹೊಸ ಆರು ಹಾಳೇಲಿ ಐದು ನಂದು. ಆರನೇದು ನಿಂದು. ನೀನೇ ಬರಿ, ನೀನೇ ಕೆತ್ತು."

"ಹೆಸರು?"

"ನನಗೆ ಒಪ್ಪಿಗೆ ಆದ್ರೆ ಎರಡೂ ಮೂಲೇಲಿ ನಿಂದೇ."

"ಒಪ್ಪಿಗೆ ಆಗ್ದೇ ಹೋದ್ರೆ?"

"ತಗಡು ಕಂಚುಗಾರನ ಸುತ್ತಿಗೆಗೆ. ನೀನು ಮತ್ತೆ ನನ್ನ ಹೆಸರಿಗೆ."

ಅತ್ತೆ ಅಪೊಲೋನಿಯಾ ನಡುವೆ ಬಾಯಿ ಹಾಕಿದಳು. "ಮಗೂಗೆ ಊಟ ಮಾಡೋಕಾದ್ರೂ ಬಿಡ್ರೀ."

"ಬಿಟ್ಟಿದೀನಲ್ಲೇ. ಒಂದೇ ಒಂದು ಷರತ್ತು. ನಮ್ಮೂರ ಮುಖ ಚೀನಾಕ್ಕೆ ಹೋಗಕೂಡದು."

ಆ ಷರತ್ತಿಗೆ ಒಂದು ಹಿಂದಿನ ಕಥೆ ಇತ್ತು. ಗೇಬ್ರಿಯಲ್ ಎಂಬ ಕೆಲಸಗಾರ ಚೀನೀ ಬೆಸ್ತನೊಬ್ಬನಿಗೆ ಬಿಯರ್ ಕಾಯಿಸುವ ಮನೆಯ ಯಜಮಾನನ ಮುಖ ಕೊಟ್ಟಿದ್ದ. ಆ ಹಾಳೆ ಯಾರದೋ ಮನೆಯ ಬೀರುವೇರಿ, ಆ ಮನೆಗೆ ಅರಿಶಿನ ಬಣ್ಣದ ಗೌನು ತೊಟ್ಟು ಹೋದ ಯಜಮಾನನ ಹೆಂಡತಿ, ತನ್ನ ಗಂಡ ಚಡ್ಡಿಯೂ ಇಲ್ಲದೆ ನೀರಿನಲ್ಲಿ ನಿಂತು ಏಡಿ ಹಿಡಿಯುತ್ತಿರುವುದನ್ನು ಕಂಡಿದ್ದಳು. ಆಮೇಲೆ ಆದ ರಂಪಕ್ಕೆ ಕಾಲುವೆಯ ಬಾತುಕೋಳಿಗಳೂ ಬೀದಿ ಬದಲಾಯಿಸಿದವು. ತಗಡು ಸುತ್ತಿಗೆಗೆ ಹೋಯಿತು, ಗೇಬ್ರಿಯಲ್ ಮ್ಯೂನಿಕ್ಕಿಗೆ ಹೋದ. ಅಂದಿನಿಂದ ಡೆಫ್ನರ್ ಪ್ರತಿ ಹಾಳೆಯನ್ನೂ ಭೂತಕನ್ನಡಿಯಲ್ಲಿ ಸೋಸಿ ನೋಡುತ್ತಿದ್ದ. ಊರಿನ ಮುಖಗಳು ಅವನಿಗೆ ಬಾಯಿಪಾಠ.

ಸಿಬಿಲ್ಲಾ ಬರೆದಳು. ಎಂಥ ಚಿತ್ರ ಅಂತೀರಿ. ಗಾಳಿಯಲ್ಲಿ ತೇಲುವ ಒಂದು ತುಂಡು ನೆಲ, ಅದರ ಅಂಚಿನಿಂದ ಬೇರುಗಳು ಲೇಸಿನಂತೆ ಇಳಿಬಿದ್ದಿವೆ. ನೆಲದ ಮೇಲೆ ಒಂಟಿ ಮರ, ಮರಕ್ಕೆ ಗಂಟೆಗಳ ಗೊಂಚಲು. ಮಿಡತೆ ಹೂಡಿದ ಪುಟ್ಟ ಗಾಡಿಯಲ್ಲಿ ಚಹಾದ ಸಾಮಾನು ಬರುತ್ತಿದೆ. ನಡುವೆ ಚಹಾದ ಬಟ್ಟಲು ಹಿಡಿದು ದಿಂಬಿಗೊರಗಿ ಕೂತಿದ್ದಾನೆ ಒಬ್ಬ ದಢೂತಿ ಚೀನೀ ಅಮಲ್ದಾರ. ಕೋತಿಯೊಂದು ಅವನಿಗೆ ಛತ್ರಿ ಹಿಡಿದಿದೆ. ರೇಷ್ಮೆ ನಿಲುವಂಗಿ ಅವನ ಹೊಟ್ಟೆಯ ಮೇಲೆ ಏರಿ ಇಳಿಯುವುದನ್ನು ಕಂಡರೆ ಉಸಿರಾಟ ಕೇಳಿಸಬೇಕು, ಹಾಗಿತ್ತು. ಎಲ್ಲ ಸರಿ. ಅಮಲ್ದಾರನಿಗೆ ಮುಖ ಒಂದು ಇರಲಿಲ್ಲ.

ಅವಳು ಬರೆದು ತಂದ ಮೊದಲ ಮುಖವನ್ನು ಮಾವ ಕಣ್ಣೆತ್ತಿ ನೋಡಿದ್ದೇ ತಡ, "ಇದು ಚರ್ಚಿನ ಗಂಟೆ ಹೊಡೆಯೋನು," ಎಂದ. ಇನ್ನೊಂದು ತಂದಳು. "ಮೀಸೆ ಹಚ್ಚಿದ್ರೆ ಬ್ರೆಡ್ಡಿನಂಗಡಿ ಹೆಂಗಸು ಗೊತ್ತಾಗಲ್ಲ ಅಂದ್ಕೊಂಡ್ಯಾ?" ಮತ್ತೊಂದಕ್ಕೆ, "ನಿಮ್ಮತ್ತೆಯ ಅಣ್ಣ. ಆ ಮುಖ ಚೀನಾದಲ್ಲೂ ಬೇಡ, ಇಲ್ಲೂ ಬೇಡ." ಅವಳು ಬೇಕೆಂದೇ ಯಾರನ್ನೂ ಬರೆದಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ನೋಡಿದ ಮುಖಗಳೇ ಕೈಯೊಳಗೆ ಕೂತಿದ್ದವು, ತಳ್ಳಿದರೂ ಮತ್ತೆ ಅವೇ ಬಂದು ಇಣುಕುತ್ತಿದ್ದವು.

"ಮತ್ತೆ ಹೆಂಥ ಮುಖ ಬೇಕು ಮಾವ ನಿಮಗೆ?"

"ನಾನು ಹೇಳ್ತೀನಿ ಕೇಳು. ಈ ಊರಲ್ಲಿ ನಾನು ನೋಡದೇ ಇರೋ ಮುಖ ಒಂದು ತಾ. ಅವತ್ತು ಒಪ್ತೀನಿ."

ಸಿಬಿಲ್ಲಾ ಸಿಟ್ಟಿನಿಂದ ಮೆಟ್ಟಿಲಿಳಿದಳು. ಅರ್ಧ ಮೆಟ್ಟಿಲಿಗೆ ನಿಂತಳು. ಮೇಲೆ ಮಾವ ಕೆಮ್ಮಿದ್ದು ಕೇಳಿಸಿತು. ಅವಳ ಮುಖದಲ್ಲಿ ನಿಧಾನವಾಗಿ ಹರಡಿದ ನಗುವನ್ನು ಕಂಡಿದ್ದರೆ ಅತ್ತೆ ಅವತ್ತೇ ಅವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಿದ್ದಳು. ಊರಲ್ಲಿ ಮಾವ ನೋಡದ ಮುಖ ಒಂದೇ ಒಂದಿತ್ತು.

ಅವಳು ಕೆತ್ತಲು ಕೂತಳು. ಮರಳು ತುಂಬಿದ ತೊಗಲ ದಿಂಬಿನ ಮೇಲೆ ತಗಡನ್ನಿಟ್ಟು, ಉಳಿ ಹಿಡಿದ ಬಲಗೈಯನ್ನು ಅಲುಗಾಡಿಸದೆ, ಎಡಗೈಯಿಂದ ತಗಡನ್ನೇ ತಿರುಗಿಸುತ್ತ ಕೊರೆಯುವುದು ಅವಳ ಕೈಗೆ ನಡಿಗೆಯಷ್ಟೇ ಸಲೀಸು. ಉಳಿಯ ಮುಂದೆ ತಾಮ್ರದ ಎಳೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತಿತ್ತು. ಮಾವ ಕೇಳಿದಾಗೆಲ್ಲ, "ಅಚ್ಚಾದ ಮೇಲೆ ನೋಡಿ," ಎಂದಳು. ಅವನೂ ಬಿಟ್ಟುಕೊಟ್ಟ.

ಮೊದಲ ಅಚ್ಚಿನ ದಿನ ಕಿಲಿಯಾನ್ ತಗಡಿಗೆ ಶಾಯಿ ತುಂಬಿ, ಅಂಗೈಯಿಂದ ಒರೆಸಿ, ಒದ್ದೆ ಕಾಗದ ಹಾಸಿ, ಕಂಬಳಿ ಹೊದಿಸಿ, ರೂಢಿಯಂತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಕಿಲಿಯಾನ್ ಪೋಪಿನ ಮತದವನು. ಡೆಫ್ನರ್ ಮನೆಯವರು ಲೂಥರನ ಮತದವರು. "ನನ್ನ ಯಂತ್ರ ಲೂಥರನ ಕಡೇದು ಕಣಯ್ಯಾ, ಅದರೆದುರು ಹಾಗೆಲ್ಲ ಮಾಡಬೇಡ, ಕಾಗದ ಹರಿಯುತ್ತೆ," ಎಂದು ಡೆಫ್ನರ್ ಹೇಳುವುದೂ, "ಹರೀದೇ ಇರ್ಲಿ ಅಂತಾನೇ ಯಜಮಾನ್ರೇ," ಎಂದು ಇವನು ಅನ್ನುವುದೂ ನಿತ್ಯದ ಪೂಜೆ.

ಚಕ್ರ ತಿರುಗಿತು. ಕಿಲಿಯಾನ್ ಕಾಗದದ ಮೂಲೆ ಹಿಡಿದು ಮೆಲ್ಲಗೆ ಸುಲಿದ. ನೋಡಿದ. ಸೂರಿನತ್ತ ನೋಡಿದ. ಮತ್ತೆ ಕಾಗದ ನೋಡಿದ.

"ಸಿಬಿಲ್ಲಮ್ಮ, ಇದು ಚೀನಾನಾ?"

"ಚೀನಾನೇ."

"ಹಾಗಾದ್ರೆ ಮೇಲ್ಗಡೆ ಕೆಮ್ತಿರೋರು ಯಾರು?"

"ಮೆತ್ತಗೆ ಮಾತಾಡು."

"ನರೂಲಿ ಸಮೇತ ಕೂತಿದಾರಲ್ಲ. ಆ ಹುಬ್ಬು ನೋಡಿದ್ರೆ ಈಗ್ಲೇ ನಂಗೆ ಬೈತಾರೆ ಅನ್ಸುತ್ತೆ. ನಿಂಗೇನು ತಲೆ ಕೆಟ್ಟಿದ್ಯಾ? ಊರೆಲ್ಲಾ ಮುಖ ಹಿಡಿಯೋರು ತಮ್ಮ ಮುಖ ಹಿಡೀದೇ ಬಿಡ್ತಾರಾ? ಹೆಸರೂ ಹೋಯ್ತು, ತಗಡೂ ಹೋಯ್ತು ಅಂತ ತಿಳ್ಕೋ."

"ಮಾವ ತಮ್ಮ ಮುಖ ಎಲ್ಲಿ ನೋಡಿದಾರೆ ಹೇಳು."

"ಕನ್ನಡೀಲಿ. ದಿನಾ ಕ್ಷೌರ ಮಾಡ್ಕೊಳ್ವಾಗ."

"ಕನ್ನಡೀಲಿ ಅವರಿಗೆ ನರೂಲಿ ಯಾವ ಕಡೆ ಕಾಣುತ್ತೆ?"

ಕಿಲಿಯಾನ್ ತನ್ನ ಎಡಗೆನ್ನೆ ಮುಟ್ಟಿಕೊಂಡು, ಎದುರಿಗಿಲ್ಲದ ಕನ್ನಡಿಯನ್ನು ಊಹಿಸಿಕೊಂಡ. "ಎಡಕ್ಕೆ."

"ಅವರು ಎದುರಿಗೆ ನಿಂತ್ರೆ ನಿಂಗೆ ಯಾವ ಕಡೆ ಕಾಣುತ್ತೆ?"

"ನನ್ನ ಬಲಕ್ಕೆ." ಕಾಗದ ನೋಡಿದ. ನರೂಲಿ ಬಲಕ್ಕಿತ್ತು. ಹುಬ್ಬು ಬಲಕ್ಕೆ ಏರಿತ್ತು, ಬಾಯಿ ಬಲಕ್ಕೆ ಓರೆಯಾಗಿತ್ತು.

"ಇದು ನಾವು ನೋಡೋ ಮಾವ," ಎಂದಳು ಸಿಬಿಲ್ಲಾ. "ಅವರು ನೋಡೋ ಮಾವ ಬೇರೆ. ಇವರಿಬ್ಬರ ಭೇಟಿ ಇನ್ನೂ ಆಗಿಲ್ಲ."

ತಾಮ್ರದಲ್ಲಿ ಎಡ ಇದ್ದದ್ದು ಕಾಗದದಲ್ಲಿ ಬಲವಾಗುತ್ತದೆ. ಕಲಿಯುವವರು ಇದನ್ನು ಮರೆತು ನೇರವಾಗಿ ಕೆತ್ತಿಬಿಟ್ಟರೆ ಅಚ್ಚಿನಲ್ಲಿ ಎಲ್ಲರೂ ಎಡಚರಾಗಿ ಎದ್ದು ಕೂರುತ್ತಾರೆ. ಸಿಬಿಲ್ಲಾ ಹಾಗೆ ಎಡವಿದ್ದರೆ ಮಾವನ ಕನ್ನಡಿಯ ಮುಖವೇ ಕಾಗದಕ್ಕೆ ಬಂದು ಅವನು ಆ ಕ್ಷಣ ಹಿಡಿದುಬಿಡುತ್ತಿದ್ದ. ಅವಳ ತುಂಟತನವೆಲ್ಲ ನಿಂತಿದ್ದದ್ದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರ ಮೇಲೆ.

ಕಿಲಿಯಾನನಿಗೆ ಇನ್ನೂ ಅನುಮಾನ. "ಹಾಗಾದ್ರೆ ತಗಡಿನ ಮೇಲೆ?"

"ತಗಡಿನ ಮೇಲಿರೋದು ಕನ್ನಡಿ ಮಾವ. ಅದನ್ನವರು ನೋಡಬಾರದು, ಅಷ್ಟೇ."

"ಕೊನೇಲಿ ಅಕ್ಷರ ಕೆತ್ತೋದು ಅವರೇ ತಾನೇ?"

"ಅಕ್ಷರ ಕೆತ್ತುವಾಗ ಚಿತ್ರದ ಮೇಲೆ ಬಟ್ಟೆ ಮುಚ್ತಾರೆ. ಉಳಿ ಜಾರಿ ಗೀರು ಬೀಳದ ಹಾಗೆ. ಯಾವತ್ತೂ ಮುಚ್ತಾರೆ."

ಹಾಳೆ ಮೇಲೆ ಹೋಯಿತು. ಡೆಫ್ನರ್ ಕಿಟಕಿಗೆ ಬೆನ್ನು ಹಾಕಿ, ಭೂತಕನ್ನಡಿ ಹಿಡಿದು, ಬೇರಿನ ಲೇಸಿನಿಂದ ಶುರುಮಾಡಿದ. ಗಂಟೆಯ ಗೊಂಚಲಿಗೆ ಹೂಂ ಅಂದ. ಮಿಡತೆಯ ಗಾಡಿಗೆ ಎರಡು ಸಲ ಹೂಂ ಅಂದ. ಮುಖಕ್ಕೆ ಬಂದ. ನಿಂತ.

"ಇದ್ಯಾರು?"

"ಯಾರೂ ಅಲ್ಲ ಮಾವ. ಊಹೆ."

ಅವನು ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ. ಊರಿನ ಬೀದಿ ಬೀದಿಯನ್ನೂ ಮನಸ್ಸಿನಲ್ಲಿ ಸುತ್ತಿ ಬಂದಂತೆ ಕಂಡ. "ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ಇಲ್ಲ. ಇಂಥವನು ನಮ್ಮೂರಲ್ಲಿ ಇಲ್ಲ." ಕುರ್ಚಿಯಲ್ಲಿ ಕೂತ. "ಸಿಬ್ಬೀ, ನಾನು ಹೇಳ್ತೀನಿ ಕೇಳು. ನಾನು ಇಷ್ಟು ವರ್ಷ ಚೀನಾ ಬರೆದೆ. ಬಟ್ಟೆ ಬರೆದೆ, ಟೋಪಿ ಬರೆದೆ, ಮೀಸೆ ಬರೆದೆ. ಒಳಗೆ ಮನುಷ್ಯ ಇರ್ಲಿಲ್ಲ. ಇವನನ್ನ ನೋಡು. ತನಗೆ ಎಲ್ಲಾ ಗೊತ್ತು ಅನ್ನೋ ಜಂಬ ಹೆಂಗೆ ಹುಬ್ಬಿಗೆ ಹತ್ತಿದೆ ನೋಡು. ಚಹಾ ತಣ್ಣಗಾಗಿದೆ, ಇನ್ನೊಬ್ಬರಿಗೆ ಬುದ್ಧಿ ಹೇಳೋ ಅವಸರದಲ್ಲಿ ಕುಡಿಯೋದೇ ಮರೆತಿದಾನೆ. ಹೊಟ್ಟೆಬಾಕ. ಆದ್ರೂ ಕೆಟ್ಟವನಲ್ಲ. ಈ ಬಾಯಿ ಓರೆ ಇದೆಯಲ್ಲ, ಅದರಲ್ಲೊಂದು ಮೃದುತನ ಇದೆ. ಇವನ ಹೆಂಡತಿ ಇವನ್ನ ದಿನಾ ಬೈತಾಳೆ, ಬಿಟ್ಟಿರಲ್ಲ."

ಬಾಗಿಲಲ್ಲಿ ನಿಂತಿದ್ದ ಅಪೊಲೋನಿಯಾ ಅಡಿಗೆಯ ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ಮುಖಸ್ತುತಿ ಎಂದರೆ ಇದೇ ಇರಬೇಕು ಎಂದುಕೊಂಡಳು ಸಿಬಿಲ್ಲಾ. ನಗಬೇಕೆಂದಿದ್ದಳು. ನಗು ಬರಲಿಲ್ಲ. ಮಾವನ ಬಾಯಿಂದ ಇಂಥ ಮಾತಿಗೆ ಎಷ್ಟು ಕಾಲ ಕಾದಿದ್ದಳು. ಬಂದಾಗ ಅದಕ್ಕೊಂದು ಬಾಲ ಕಟ್ಟಿಕೊಂಡಿತ್ತು, ಆ ಬಾಲವನ್ನು ಕಟ್ಟಿದವಳು ತಾನೇ.

"ಒಪ್ಪಿಗೆ," ಎಂದ ಡೆಫ್ನರ್.

ಒಪ್ಪಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವನು ಹಾಳೆಯನ್ನು ಬೀದಿಗೆ ಹೊತ್ತುಕೊಂಡು ಹೋದ. ಅಕ್ಕಸಾಲಿ ಏಬರ್‌ಲೀನ್ ಅದನ್ನು ನೋಡಿ, ಡೆಫ್ನರನನ್ನು ನೋಡಿ, ಕರವಸ್ತ್ರ ಹುಡುಕಿದ.

"ಏನಯ್ಯಾ, ಕಣ್ಣಲ್ಲಿ ನೀರು?"

"ಕಲೆ, ಡೆಫ್ನರ್, ಕಲೆ. ನನ್ನ ಹೊಸ ಕಾಫಿಪಾತ್ರೆ ಮುಚ್ಚಳಕ್ಕೆ ಈ ಮಹಾನುಭಾವನ್ನೇ ಕೂರಿಸ್ತೀನಿ. ಬಿಸಿ ಆದಾಗೆಲ್ಲ ಇವರ ತಲೆ ಹಿಡಿದೇ ಎತ್ತಬೇಕು."

ಬ್ರೆಡ್ಡಿನಂಗಡಿಯ ಹೆಂಗಸು ಅಷ್ಟು ಚುರುಕಿನವಳಲ್ಲ. "ಅಯ್ಯೋ, ಇವರು ದಿನಾ ನಮ್ಮಂಗಡಿಗೆ ಬರ್ತಾರಲ್ಲ," ಎಂದುಬಿಟ್ಟಳು. ಜೊತೆಗಿದ್ದ ಅಪೊಲೋನಿಯಾ ಅವಳ ಕಾಲು ಬಲವಾಗಿ ತುಳಿದಳು.

"ಚೀನಾದವರು ಬರ್ತಾರಾ?" ಎಂದ ಡೆಫ್ನರ್.

"ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂದೆ," ಎಂದಳು ಅವಳು ಕಾಲು ಸವರಿಕೊಳ್ಳುತ್ತ.

ಸಂಜೆಯ ಹೊತ್ತಿಗೆ ಊರ ನಡುವಿನ ಪೆರ್ಲಾಖ್ ಗೋಪುರದ ಕೆಳಗೆ ನಿಂತವರೆಲ್ಲ ಒಂದು ಕೈ ಬೆನ್ನಿಗೆ ಕಟ್ಟಿ ಹುಬ್ಬು ಏರಿಸುತ್ತಿದ್ದರು. ಡೆಫ್ನರ್ ಮಾತ್ರ ಎದೆಯುಬ್ಬಿಸಿಕೊಂಡು ಮನೆಗೆ ಬಂದ. "ಊರಿಗೆ ಊರೇ ಮೆಚ್ಚಿತು ಸಿಬ್ಬೀ. ಇಷ್ಟು ಸಂತೋಷ ನಾನು ಜನರ ಮುಖದಲ್ಲಿ ನೋಡೇ ಇರ್ಲಿಲ್ಲ. ನಾಳೆ ನಿನ್ನ ಹೆಸರು ನನ್ನ ಕೈಯಾರೆ ಕೆತ್ತಿಕೊಡ್ತೀನಿ."

"ನಾನೇ ಕೆತ್ತಿಕೊಳ್ತೀನಿ ಮಾವ. ನಿಮಗ್ಯಾಕೆ ತೊಂದರೆ?"

"ನೀನು ಕೆತ್ತೋ ಅಕ್ಷರ ಮಳೇಲಿ ನೆಂದ ಕೋಳಿ ಹಾಗಿರುತ್ತೆ. ಸುಮ್ನಿರು."

ಮರುದಿನ ಬೆಳಿಗ್ಗೆ ಒಳ್ಳೆಯ ಬೆಳಕು. ಡೆಫ್ನರ್ ಉಳಿ ಮಸೆದು, ಚಿತ್ರದ ಮೇಲೆ ಮೆತ್ತನೆ ಬಟ್ಟೆ ಹಾಸಿ, ಕೆಳಗಿನ ಪಟ್ಟಿ ಮಾತ್ರ ಬಿಟ್ಟುಕೊಂಡು ಕೂತ. ಎದುರು ಮೇಜಿನಲ್ಲಿ ಸಿಬಿಲ್ಲಾ ಯಾವುದೋ ತಗಡು ಹಿಡಿದು ಕೆಲಸ ಮಾಡುವಂತೆ ನಟಿಸುತ್ತಿದ್ದಳು. ತಲೆಕೆಳಗಾದ, ಹಿಂದುಮುಂದಾದ ಅಕ್ಷರಗಳನ್ನು ಆ ಊರಿನಲ್ಲಿ ಮಾವನಷ್ಟು ಚೆನ್ನಾಗಿ ಬರೆಯುವವರಿರಲಿಲ್ಲ. ಉಸಿರು ಬಿಗಿಹಿಡಿದು ಒಂದೊಂದೇ ಬಾಗು ತೆಗೆಯುತ್ತಿದ್ದ. ಕಾಗದದ ಎಡಮೂಲೆಗೆ ಬರುವ ಹೆಸರು ಮುಗಿಯಿತು. ಸಿಬಿಲ್ಲಾ ಗ್ರಾಸರ್ ಬರೆದದ್ದು ಎಂದು. ಇನ್ನು ಕಾಗದದ ಬಲಮೂಲೆ, ಅವಳು ಎಂದಿನಿಂದಲೋ ಕಣ್ಣಿಟ್ಟ ಮೂಲೆ. ಡೆಫ್ನರ್ ತಗಡನ್ನು ದಿಂಬಿನ ಮೇಲೆ ತಿರುಗಿಸಿ, ಮೊದಲ ಅಕ್ಷರಗಳನ್ನು ಕೊರೆದು, ನಡುವೆ ನಿಲ್ಲಿಸಿದ.

"ಇವನ ಮುಖ ನೋಡ್ಕೊಂಡು ಬರೆದ್ರೆ ಕೈ ಇನ್ನೂ ಚೆನ್ನಾಗಿ ಓಡುತ್ತೆ," ಎಂದು ಬಟ್ಟೆ ಎತ್ತಿದ.

"ಮಾವ, ಗೀರು ಬೀಳುತ್ತೆ," ಎಂದಳು ಸಿಬಿಲ್ಲಾ.

"ನನ್ನ ಉಳಿ ಜಾರುತ್ತಾ?" ಎಂದವನು ಬಗ್ಗಿದ.

ತಾಮ್ರದ ಮೇಲೆ ದಿಂಬಿಗೊರಗಿ ಕೂತಿದ್ದವನ ನರೂಲಿ ಈಗ ಎಡಕ್ಕಿತ್ತು. ಹುಬ್ಬು ಎಡಕ್ಕೆ ಏರಿತ್ತು. ಅವನ ಪಕ್ಕದಲ್ಲಿ, ಗಂಟೆಮರದಾಚೆ ಆಕಾಶಕ್ಕೆಂದು ಸಿಬಿಲ್ಲಾ ಖಾಲಿ ಬಿಟ್ಟು ನುಣುಪು ಮಾಡಿದ ತಾಮ್ರದಲ್ಲಿ, ಬಗ್ಗಿದ ಇನ್ನೊಂದು ಮುಖ ಮಿರಿಮಿರಿ ಮಿಂಚುತ್ತಿತ್ತು. ಅದರ ನರೂಲಿಯೂ ಎಡಕ್ಕೆ. ಅದರ ಹುಬ್ಬೂ ಏರಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಡೆಫ್ನರ್ ಅಲುಗಲಿಲ್ಲ. ಕೆಳಗೆ ಕಿಲಿಯಾನನ ಚಕ್ರ ನಿಂತಿತು. ಅಪೊಲೋನಿಯಾ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಡೆಫ್ನರನ ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ. ಅವನು ಉಳಿಯನ್ನು ಮತ್ತೆ ತಾಮ್ರಕ್ಕೆ ಇಟ್ಟ.

ಏನು ಕೆತ್ತುತ್ತಿದ್ದಾನೆ ಎಂಬುದು ಎದುರಿನಿಂದ ಕಾಣುತ್ತಿರಲಿಲ್ಲ. ಹೊಡೆದುಹಾಕುತ್ತಿದ್ದಾನೆಯೇ, ತನ್ನ ಹೆಸರನ್ನು ಮೇಲೆ ಕೂರಿಸುತ್ತಿದ್ದಾನೆಯೇ? ಸಿಬಿಲ್ಲಾಳಿಗೆ ಕಂಡದ್ದು ಕಲ್ಲಿನಂತೆ ಬಿಗಿದ ಭುಜ, ಕಚ್ಚಿದ ತುಟಿ, ಸೇದಿಕೊಂಡ ಉಸಿರು. ಕೇಳಿಸಿದ್ದು ತಾಮ್ರದ ಸಣ್ಣ ಸುಯ್ಯೆಂಬ ಸದ್ದು. ಗೇಬ್ರಿಯಲ್ ನೆನಪಾದ. ಹೇಳಿಬಿಡಬೇಕು, ಕಾಲು ಹಿಡಿಯಬೇಕು ಎನ್ನಿಸಿತು. ಆದರೆ ಉಳಿ ತಾಮ್ರದಲ್ಲಿರುವಾಗ ಯಾರೂ ಮಾತಾಡಕೂಡದು ಎಂದು ಕಲಿಸಿದವನು ಎದುರಿಗೇ ಕೂತಿದ್ದ. ಅವಳು ಕೈಕೈ ಹಿಸುಕಿಕೊಂಡಳು. ಒಂದು ಅಕ್ಷರ. ಇನ್ನೊಂದು. ಮಾವ ಬೆವರುತ್ತಿದ್ದ. ಅವನ ಮೂಗಿನ ಹೊಳ್ಳೆ ಅರಳಿ ಮುಚ್ಚುತ್ತಿತ್ತು. ಇಂಥ ಸಿಟ್ಟನ್ನು ಅವಳು ಕಂಡೇ ಇರಲಿಲ್ಲ.

ಕೊನೆಗೆ ಅವನು ಉಳಿಯನ್ನು ಎತ್ತಿದ. ಎದ್ದ ತಾಮ್ರದ ಎಳೆಯನ್ನು ಹೆರೆದು ತೆಗೆದ. ಗೆರೆಗಳಿಗೆ ಎಣ್ಣೆಮಸಿ ಸವರಿ, ಹೆಬ್ಬೆರಳಿನಿಂದ ಒರೆಸಿ, ತಗಡನ್ನು ಅವಳ ಕಡೆಗೆ ತಳ್ಳಿದ. ಉಳಿಯನ್ನು ಅದರ ಜಾಗದಲ್ಲಿಟ್ಟ.

ಆ ಮೂಲೆಯಲ್ಲಿ, ಹಿಂದುಮುಂದಾಗಿ, ಒಂದು ಕೂದಲೆಳೆಯಷ್ಟೂ ಅಲುಗಾಡದೆ, ಸಿಬಿಲ್ಲಾ ಗ್ರಾಸರ್ ಕೆತ್ತಿದ್ದು ಎಂದಿತ್ತು.

"ಮಾವ," ಎಂದಳು.

"ತಡಿ," ಎಂದ ಅವನು, ಮೇಜಿನ ಎರಡೂ ಅಂಚು ಹಿಡಿದುಕೊಂಡು. "ಮಧ್ಯದಲ್ಲಿ ನಕ್ಕಿದ್ರೆ ನಿನ್ನ ಹೆಸರಿಗೆ ಬಾಲ ಬರ್ತಿತ್ತು." ಅವನ ಹೊಟ್ಟೆ ಒಂದು ಸಲ ಕುಲುಕಿತು. "ನೋಡದೇ ಇರೋ ಮುಖ ತಾ ಅಂದೆ. ತಂದ್ಯಲ್ಲೇ." ಇನ್ನೊಂದು ಸಲ ಕುಲುಕಿತು. "ಏಬರ್‌ಲೀನ್ ಕಣ್ಣಲ್ಲಿ ನೀರು. ಆ ಬ್ರೆಡ್ಡಿನವಳು. ಹೊಟ್ಟೆಬಾಕ ಅಂದೆನಲ್ಲೇ ನಾನು, ಹೆಂಡತಿ ಎದುರಿಗೇ."

"ಅಂದ್ರಿ," ಎಂದಳು ಅಪೊಲೋನಿಯಾ, "ಬಿಟ್ಟಿರಲ್ಲ ಅಂತಾನೂ ಅಂದ್ರಿ," ಎಂದು ಸೌಟನ್ನು ಕೆಳಗಿಟ್ಟು ಗೋಡೆಗೆ ಒರಗಿದಳು. ಕಿಲಿಯಾನ್ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡ. ಸಿಬಿಲ್ಲಾಳಿಗೆ ಅಳುವೋ ನಗುವೋ ತಿಳಿಯದ ಒಂದು ದನಿ ಹೊರಟಿತು. ಆದರೆ ಆ ಮೂವರ ನಗುವನ್ನೂ ಮುಳುಗಿಸಿ, ಅಷ್ಟು ಹೊತ್ತು ಉಳಿಗಾಗಿ ಕಟ್ಟಿಹಾಕಿದ್ದನ್ನೆಲ್ಲ ಒಮ್ಮೆಗೇ ಬಿಚ್ಚಿ, ಮಥಾಯಸ್ ಡೆಫ್ನರ್ ನಕ್ಕ. ಕಿಟಕಿಯ ಗಾಜು ಅದುರಿತು, ಅಟ್ಟದ ಹಗ್ಗದ ಮೇಲಿನ ಚೀನಾ ತೂಗಾಡಿತು, ಕಾಲುವೆಯಾಚೆಯ ಮನೆಯವರು ಏನಾಯಿತೆಂದು ಕಿಟಕಿ ತೆರೆದು ನೋಡಿದರು. ಅವನು ಅವರಿಗೂ ಕೈಬೀಸಿ, ಉಸಿರು ಸಿಕ್ಕಿದಾಗ ತಗಡನ್ನು ಎತ್ತಿ ತೋರಿಸಿ, ಮತ್ತೆ ನಕ್ಕ.